ದೋಣಿಯ ಮೊಳೆ

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ದೋಣಿಯ ವಿಷಯದಲ್ಲಿ ಆ ಅಡಿಕೆಯ ಸ್ಥಾನದಲ್ಲಿ ನಿಲ್ಲುವುದು ಮೊಳೆ. ದೋಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮರ, ಹುಟ್ಟು, ಜಲ್ಲೆ, ಅಂಬಿಗ. ಮೊಳೆಯ ನೆನಪು ಯಾರಿಗೂ ಬರುವುದಿಲ್ಲ. ಅದು ಹಲಗೆಯೊಳಗೆ ಹುದುಗಿ, ತಲೆಯ ಮೇಲೆ ಮೇಣ ಮೆತ್ತಿಸಿಕೊಂಡು, ಕಾಣದಂತೆ ಇರುತ್ತದೆ. ಆದರೆ ಹತ್ತು ಜನರ ಭಾರವನ್ನು ಹೊತ್ತು ಹೊಳೆಯ ನಡುವೆ ಹಲಗೆಯನ್ನು ಹಲಗೆಯ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಅದೇ.

ನಾವು ಮೂವರು ಇದೇ ಶಾಲೆಯಲ್ಲಿ ಕಲಿತವರು. ನಮ್ಮಲ್ಲೊಬ್ಬರು ಕೃಷಿಕರು, ಒಬ್ಬರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು, ಇನ್ನೊಬ್ಬರು ಪೇಟೆಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುವವರು. ನಮ್ಮೂರ ಹೊಳೆ ಕಡಲನ್ನು ಸೇರುವ ಮೊದಲು ಎರಡಾಗಿ ಒಡೆದು ನಡುವೆ ಒಂದು ಕುದ್ರುವನ್ನು ಬಿಟ್ಟಿದೆ. ಅಲ್ಲಿ ಹನ್ನೊಂದು ಮನೆಗಳಿವೆ. ಆ ಮನೆಗಳಿಂದ ಒಂಬತ್ತು ಮಕ್ಕಳು ಈಗಲೂ ಕಡವು ದಾಟಿ ನಮ್ಮ ಶಾಲೆಗೆ ಬರುತ್ತಾರೆ. ಹೊಳೆಗೆ ಮೇಲ್ಭಾಗದಲ್ಲಿ ಸೇತುವೆಯಾಗಿದೆ. ಆದರೆ ಕುದ್ರುವಿಗೆ ಅದು ಮುಟ್ಟುವುದಿಲ್ಲ. ಅವರಿಗೆ ಇಂದಿಗೂ ದೋಣಿಯೇ ದಾರಿ.

ಆ ದೋಣಿ ಸೋರತೊಡಗಿದುದೇ ಈ ಲೇಖನಕ್ಕೆ ಕಾರಣ. ಅದು ಇಪ್ಪತ್ತೆರಡು ಅಡಿ ಉದ್ದದ ಹಲಗೆದೋಣಿ. ನಮ್ಮ ತಂದೆಯವರ ಕಾಲದ್ದು. ಹೆಬ್ಬಲಸಿನ ಮರದಲ್ಲಿ ಕಟ್ಟಿದ್ದು. ಕೆಲವು ವರ್ಷಗಳ ಹಿಂದೆ ಒಂದು ಕಡೆ ಕೊಟ್ಟು ದುರಸ್ತಿ ಮಾಡಿಸಲಾಗಿತ್ತು. ಬಣ್ಣ ಚೆನ್ನಾಗಿಯೇ ಬಳಿದಿದ್ದರು. ಆದರೂ ಮೂರನೆಯ ಮಳೆಗಾಲಕ್ಕೆ ತಳದ ಹಲಗೆಗಳು ಮಿಸುಕತೊಡಗಿ, ಅಂಬಿಗನು ಒಂದು ಕೈಯಲ್ಲಿ ಜಲ್ಲೆಯನ್ನೂ ಇನ್ನೊಂದು ಕೈಯಲ್ಲಿ ನೀರು ಎತ್ತುವ ಡಬ್ಬಿಯನ್ನೂ ಹಿಡಿಯಬೇಕಾದ ಪರಿಸ್ಥಿತಿ ಬಂತು. ಕುದ್ರುವಿನ ತಾಯಂದಿರು ಹೆದರಿದರು. ಅವರಲ್ಲಿ ಇಬ್ಬರು ಮಕ್ಕಳನ್ನು ನೆಂಟರ ಮನೆಯಲ್ಲಿರಿಸಿ ಆ ದಡದ ಇಂಗ್ಲಿಷ್ ಶಾಲೆಗೆ ಹಾಕುವ ಮಾತೆತ್ತಿದರು. ಹೆದರಿದ ತಾಯಿಗೆ ಭಾಷಾಭಿಮಾನದ ಉಪದೇಶ ಮಾಡುವುದು ನ್ಯಾಯವಲ್ಲ. ದೋಣಿಯನ್ನು ಸರಿಮಾಡಿಕೊಡುವುದೇ ಸರಿ ಎಂದು ನಮಗೆ ತೋರಿತು. ತರಗತಿಯ ಮಕ್ಕಳ ಸಂಖ್ಯೆ ವರ್ಷಕ್ಕೆ ವರ್ಷ ಇಳಿಯುತ್ತಿರುವ ಗಡಿನಾಡಿನ ಕನ್ನಡ ಶಾಲೆಗೆ ಒಂಬತ್ತು ಮಕ್ಕಳೆಂದರೆ ಸಣ್ಣ ಲೆಕ್ಕವಲ್ಲ.

ಹೊಸ ಫೈಬರ್ ದೋಣಿಯನ್ನೇ ಕೊಳ್ಳಬಾರದೇಕೆ ಎಂದು ಕೇಳಿದವರುಂಟು. ನಾವು ದೋಣಿಯನ್ನು ದಡಕ್ಕೆಳೆದು, ಬಣ್ಣ ಕೆರೆದು, ಮರವನ್ನು ಉಳಿಯ ತುದಿಯಿಂದ ಚುಚ್ಚಿ ನೋಡಿದೆವು. ಮೂರು ಹಲಗೆಗಳನ್ನು ಬಿಟ್ಟರೆ ಉಳಿದ ಮರವೆಲ್ಲ ಕಲ್ಲಿನಂತೆ ಗಟ್ಟಿಯಾಗಿತ್ತು. ಕೆಟ್ಟದ್ದು ಮರವಲ್ಲ, ಮೊಳೆ. ಮರ ಗಟ್ಟಿಯಾಗಿರುವ ದೋಣಿಯನ್ನು ಮೊಳೆಯ ದೋಷಕ್ಕಾಗಿ ಸೌದೆ ಮಾಡುವುದು ಎಲ್ಲಿಯ ವಿವೇಕ?

ಮೊಳೆಗಳನ್ನು ಕಿತ್ತು ನೋಡಿದಾಗ ಆ ದೋಣಿಯ ಚರಿತ್ರೆಯೇ ಹೊರಬಂತು. ಮೊದಲು ಕಟ್ಟಿದ ಆಚಾರಿ ಹೊಡೆದ ಮೊಳೆಗಳು ಕಮ್ಮಾರನ ಕುಲುಮೆಯಲ್ಲಿ ತಟ್ಟಿದ ಚೌಕಮೈಯ ಕಬ್ಬಿಣದವು; ತುಕ್ಕಿನಿಂದ ಸವೆದಿದ್ದರೂ ಬಹುಪಾಲು ಇನ್ನೂ ಹಿಡಿತ ಬಿಟ್ಟಿರಲಿಲ್ಲ. ತಳದ ತೊಲೆಗೆ ಹಾಕಿದ್ದ ದಪ್ಪ ಕಬ್ಬಿಣದ ಬೋಲ್ಟುಗಳಂತೂ ಇನ್ನೊಂದು ತಲೆಮಾರು ಬಾಳುವಂತಿದ್ದವು. ಆದರೆ ಈಚಿನ ದುರಸ್ತಿಯಲ್ಲಿ ಸಿಕ್ಕಸಿಕ್ಕ ಲೋಹಗಳನ್ನೆಲ್ಲ ಬೆರೆಸಿದ್ದರು. ಒಂದು ಕಡೆ ಹಿತ್ತಾಳೆಯ ತಿರುಪು, ಅದರ ಪಕ್ಕದಲ್ಲಿ ಮನೆಗೆಲಸದ ತಂತಿಮೊಳೆ, ತಳದಲ್ಲಿ ಒಂದು ತುಂಡು ತಾಮ್ರದ ತಗಡು, ಅದಕ್ಕೆ ಕಬ್ಬಿಣದ ಸಣ್ಣ ಮೊಳೆ. ಹಿತ್ತಾಳೆಯ ತಿರುಪನ್ನು ತಿರುಗಿಸಹೋದರೆ ತಲೆ ಮಾತ್ರ ಕೈಗೆ ಬಂತು. ಮುರಿದ ಜಾಗ ಹಳದಿಯಾಗಿರದೆ ನಸುಗೆಂಪಾಗಿತ್ತು. ತಾಮ್ರದ ತಗಡಿನ ಕೆಳಗಿನ ಕಬ್ಬಿಣದ ಮೊಳೆ ಇದ್ದ ಜಾಗದಲ್ಲಿ ಕಪ್ಪು ಪುಡಿ ಮಾತ್ರ ಉಳಿದಿತ್ತು.

ಇದರ ಕಾರಣವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ನಮಗಿಂತ ಚೆನ್ನಾಗಿ ಹೇಳಬಲ್ಲರು. ನಿಂಬೆಹಣ್ಣಿಗೆ ಒಂದು ತಾಮ್ರದ ತಂತಿಯನ್ನೂ ಒಂದು ಸತುವಿನ ಪಟ್ಟಿಯನ್ನೂ ಚುಚ್ಚಿ ವಿದ್ಯುತ್ತನ್ನು ಪಡೆಯುವ ಪ್ರಯೋಗವನ್ನು ನೀವೆಲ್ಲ ಮಾಡಿದ್ದೀರಿ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಎರಡು ಲೋಹಗಳ ನಡುವೆ ಅದುರುವುದನ್ನು ಕಂಡು 1791ರಲ್ಲಿ ಪ್ರಕಟಿಸಿದನು. ಕಾರಣವಿರುವುದು ಕಪ್ಪೆಯಲ್ಲಿ ಅಲ್ಲ, ಬೇರೆ ಬೇರೆಯಾದ ಎರಡು ಲೋಹಗಳಲ್ಲಿ ಎಂದು ವಾದಿಸಿದ ವೋಲ್ಟಾ 1800ರಲ್ಲಿ ಮೊದಲ ವಿದ್ಯುತ್ಕೋಶವನ್ನು ಕಟ್ಟಿ ತೋರಿಸಿದನು. ಎರಡು ಲೋಹ, ನಡುವೆ ಉಪ್ಪಿನ ಅಥವಾ ಹುಳಿಯ ನೀರು, ಅವೆರಡನ್ನೂ ಸೇರಿಸುವ ಒಂದು ದಾರಿ: ಇಷ್ಟಿದ್ದರೆ ಕೋಶವಾಯಿತು. ಉಪ್ಪುನೀರಿನಲ್ಲಿ ನೆನೆದ ದೋಣಿಯೂ ಅಂಥದೇ ಒಂದು ಕೋಶ. ನಿಂಬೆಹಣ್ಣಿನಲ್ಲಿ ಸತು ಕರಗುವಂತೆ ದೋಣಿಯಲ್ಲಿಯೂ ಎರಡು ಲೋಹಗಳಲ್ಲಿ ಒಂದು ಕರಗುತ್ತಲೇ ಇರುತ್ತದೆ.

ಯಾವುದು ಕರಗುವುದು, ಯಾವುದು ಉಳಿಯುವುದು? ಇದಕ್ಕೆ ಲೋಹಗಳ ಒಂದು ಪಂಕ್ತಿಯೇ ಇದೆ. ಸಮುದ್ರದ ನೀರಿನಲ್ಲಿ ಮೊದಲು ಕರಗುವುದು ಮೆಗ್ನೀಸಿಯಂ, ಆಮೇಲೆ ಸತು, ಆಮೇಲೆ ಅಲ್ಯುಮಿನಿಯಂ, ಆಮೇಲೆ ಕಬ್ಬಿಣ ಮತ್ತು ಸಾದಾ ಉಕ್ಕು. ಹಿತ್ತಾಳೆ, ತಾಮ್ರ, ಕಂಚುಗಳು ಅವಕ್ಕಿಂತ ಮೇಲಿನ ಪಂಕ್ತಿಯವು. ಪಂಕ್ತಿಯಲ್ಲಿ ದೂರದೂರವಿರುವ ಎರಡನ್ನು ಒಟ್ಟಿಗೆ ಸೇರಿಸಿದಷ್ಟೂ ಕೆಳಗಿನದು ಬೇಗ ನಾಶವಾಗುತ್ತದೆ. "ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ" ಎಂಬ ಮಾತು ಲೋಹಗಳಿಗೂ ಸಲ್ಲುತ್ತದೆ. ಒಂಟಿಯಾಗಿದ್ದರೆ ಹತ್ತಾರು ವರ್ಷ ಬಾಳುವ ಕಬ್ಬಿಣದ ಮೊಳೆ ತಾಮ್ರದ ನೆರೆಯಲ್ಲಿ ಕೆಲವೇ ವರ್ಷಗಳಲ್ಲಿ ಹುಡಿಯಾಗುತ್ತದೆ. ಇನ್ನೊಂದು ಮಾತನ್ನೂ ನೆನಪಿಡಬೇಕು. ಉಳಿಯುವ ಲೋಹದ ಮೈ ದೊಡ್ಡದಾಗಿ ಕರಗುವ ಲೋಹದ ಮೈ ಸಣ್ಣದಾಗಿದ್ದರೆ ನಾಶ ಇನ್ನೂ ಶೀಘ್ರ. ಅಗಲವಾದ ತಾಮ್ರದ ತಗಡಿಗೆ ಸಣ್ಣ ಕಬ್ಬಿಣದ ಮೊಳೆ ಹೊಡೆಯುವುದು ಆದುದರಿಂದಲೇ ಅತ್ಯಂತ ಕೆಟ್ಟ ಜೋಡಿ. ನಮ್ಮ ದೋಣಿಯ ತಳದಲ್ಲಿ ಇದ್ದದ್ದು ನಿಖರವಾಗಿ ಅದೇ.

ಈ ಪಾಠವನ್ನು ಬ್ರಿಟಿಷರ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿಯಿತು. ಮರಕೊರೆಯುವ ಹುಳುಗಳ ಕಾಟ ತಪ್ಪಿಸಲೆಂದು 1761ರಲ್ಲಿ 'ಅಲಾರಂ' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಿದರು. ಎರಡು ವರ್ಷಗಳ ಬಳಿಕ ಪರೀಕ್ಷಿಸಿದಾಗ ತಗಡು ಹೊದಿಸಿದ ಕಡೆ ಮರಕ್ಕೆ ಹುಳು ಹತ್ತಿರಲಿಲ್ಲ. ಆದರೆ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಸ್ವಾರಸ್ಯವೆಂದರೆ, ಕೆಲವು ಕಡೆ ತಾಮ್ರದ ತಗಡನ್ನು ಸುತ್ತಿ ತಂದಿದ್ದ ಕಂದುಕಾಗದವನ್ನು ಪೂರ್ತಿ ತೆಗೆಯದೆ ಹಾಗೆಯೇ ಹೊಡೆದಿದ್ದರು. ಆ ಕಾಗದ ಅಡ್ಡವಿದ್ದಲ್ಲಿ ಕಬ್ಬಿಣ ಚೆನ್ನಾಗಿಯೇ ಇತ್ತು! ಗಾಲ್ವಾನಿ ಕಪ್ಪೆಯನ್ನು ಕೊಯ್ಯುವುದಕ್ಕೆ ಎಷ್ಟೋ ಮೊದಲೇ ಒಂದು ಹರಕು ಕಾಗದ ಸತ್ಯವನ್ನು ಹೇಳಿತ್ತು. ಮುಂದೆ 1780ರ ದಶಕದಲ್ಲಿ ಆ ನೌಕಾಪಡೆಯವರು ಕಬ್ಬಿಣದ ಬೋಲ್ಟುಗಳನ್ನೇ ಬಿಟ್ಟು ತಾಮ್ರಮಿಶ್ರ ಬೋಲ್ಟುಗಳಿಗೆ ತಿರುಗಿದರು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ತಾಮ್ರದ ತಗಡನ್ನೇ ಉಳಿಸಲು ಸತು ಅಥವಾ ಕಬ್ಬಿಣದ ತುಂಡುಗಳನ್ನು ಅದಕ್ಕೆ ಜೋಡಿಸಿ ನೋಡಿದನು. ತುಂಡುಗಳು ಕರಗಿ ತಾಮ್ರ ಉಳಿಯಿತು. ಆದರೆ ಕರಗದ ತಾಮ್ರಕ್ಕೆ ವಿಷದ ಗುಣವಿಲ್ಲವಾಗಿ ಪಾಚಿ, ಚಿಪ್ಪುಗಳು ಧಾರಾಳವಾಗಿ ಅಂಟಿಕೊಂಡು ಹಡಗಿನ ವೇಗ ಕುಂದಿತು. ಒಂದನ್ನು ಕಾಯಹೋದರೆ ಇನ್ನೊಂದು ಕೆಡುವುದು ದೋಣಿಯ ಕೆಲಸದಲ್ಲಿ ಸಾಮಾನ್ಯ.

ನಮ್ಮ ಪಶ್ಚಿಮ ಕರಾವಳಿಯ ಪೂರ್ವಿಕರು ಈ ತೊಡಕನ್ನು ಬೇರೆ ರೀತಿಯಿಂದಲೇ ದಾಟಿದ್ದರು. ಅವರ ಹಡಗುಗಳಿಗೆ ಮೊಳೆಯೇ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥದಲ್ಲಿ ಕಡಲ ಹಡಗಿಗೆ ಕಬ್ಬಿಣ ಬಳಸಬಾರದು, ಸಮುದ್ರದೊಳಗಿನ ಅಯಸ್ಕಾಂತದ ಬಂಡೆಗಳು ಅದನ್ನು ಸೆಳೆಯುತ್ತವೆ ಎಂಬ ಅರ್ಥದ ಮಾತಿದೆ. ಅಯಸ್ಕಾಂತದ ಬಂಡೆ ಕಲ್ಪನೆಯೇ ಸರಿ. ಆದರೆ ಕಡಲು ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ ಎಂಬ ಅನುಭವ ಸುಳ್ಳಲ್ಲ. ಈ ಹೊಲಿಗೆಯ ವಿದ್ಯೆ ಪೂರ್ತಿ ಅಳಿದಿಲ್ಲ. ಅಜಂತೆಯ ಚಿತ್ರವೊಂದರ ಮಾದರಿಯಲ್ಲಿ ಗೋವೆಯಲ್ಲಿ ಕಟ್ಟಿದ, ಕೇರಳದ ಕುಶಲಕರ್ಮಿಗಳು ನಾರಿನ ಹಗ್ಗದಿಂದ ಹೊಲಿದ ಹಡಗನ್ನು ನಮ್ಮ ನೌಕಾಪಡೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ 'ಕೌಂಡಿನ್ಯ' ಎಂಬ ಹೆಸರಿನಿಂದ ಸೇರಿಸಿಕೊಂಡಿತು.

ನಮ್ಮ ದೋಣಿ ಹೊಲಿಗೆಯದಲ್ಲ, ಮೊಳೆಯದು. ಆದುದರಿಂದ ಯಾವ ಮೊಳೆ ಎಂಬ ಪ್ರಶ್ನೆಗೆ ಉತ್ತರ ಕಾಣಲೇಬೇಕಾಯಿತು. ನಮ್ಮ ಮೂವರದೂ ಮೂರು ಅಭಿಪ್ರಾಯ. ವರ್ಕ್‌ಶಾಪಿನವರಿಗೆ ಸ್ಟೇನ್‌ಲೆಸ್ ಸ್ಟೀಲ್ ಇಷ್ಟ. ಬ್ಯಾಂಕಿನವರು ಪುಸ್ತಕ ಓದಿ ತಾಮ್ರದ ಪಕ್ಷ ವಹಿಸಿದರು. ಕೃಷಿಕರು "ಹಳೆಯ ಆಚಾರಿ ಹಾಕಿದ್ದನ್ನೇ ಹಾಕಿದರಾಯಿತು" ಎಂದರು. ವಿಜ್ಞಾನದ ಅಧ್ಯಾಪಕರು ನಮ್ಮ ವಾದವನ್ನು ಕೇಳಿ, ಪ್ರಯೋಗಶಾಲೆಯ ಕಪಾಟಿನ ಒಂದು ಹಂತವನ್ನು ತೆರವು ಮಾಡಿಕೊಟ್ಟರು. ಹಳೆಯ ಹಲಗೆಯ ತುಂಡುಗಳಿಗೆ ಬಗೆಬಗೆಯ ಮೊಳೆ ಹೊಡೆದು, ಕಡವಿನ ನೀರು ತುಂಬಿದ ಗಾಜಿನ ಭರಣಿಗಳಲ್ಲಿ ಮುಳುಗಿಸಿ ಡಿಸೆಂಬರಿನಲ್ಲಿ ಇಟ್ಟೆವು. ಕೆಲವು ಭರಣಿಗಳಲ್ಲಿ ಒಂದೇ ಲೋಹ. ಕೆಲವುಗಳಲ್ಲಿ ಎರಡು ಲೋಹಗಳನ್ನು ತಂತಿಯಿಂದ ಬೆಸೆದು ಇಟ್ಟಿದ್ದೆವು. ಕುದ್ರುವಿನ ಮಕ್ಕಳೇ ವಾರಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆದರು. ತಾಮ್ರಕ್ಕೆ ಬೆಸೆದ ಕಬ್ಬಿಣದ ಭರಣಿ ಮೊದಲ ವಾರದಲ್ಲೇ ಕೆಂಗಂದು ನೀರಾಯಿತು. ಒಂಟಿ ಕಬ್ಬಿಣ ಅದಕ್ಕಿಂತ ನಿಧಾನ. ಸತುವಿನ ಲೇಪದ ಮೊಳೆಯ ಮೇಲೆ ಬಿಳಿಯ ಹುಡಿ ಕೂತಿತೇ ಹೊರತು ಕೆಂಪು ಕಾಣಿಸಲಿಲ್ಲ.

ಭರಣಿಯಿಂದಲೂ ಓದಿನಿಂದಲೂ ಆಚಾರಿಯ ಬಾಯಿಯಿಂದಲೂ ನಾವು ತಿಳಿದುಕೊಂಡುದನ್ನು ಇಲ್ಲಿ ಒಂದೊಂದಾಗಿ ಹೇಳುವುದು ಉಚಿತ.

ಮೊದಲನೆಯದು ಬರಿಯ ಕಬ್ಬಿಣ. ಅಗ್ಗ, ಬಲಿಷ್ಠ. ಆದರೆ ತುಕ್ಕು ಹಿಡಿದಾಗ ಅದರ ಗಾತ್ರ ಹಿಗ್ಗಿ ಮರವನ್ನು ಸೀಳುತ್ತದೆ. ಮರದ ಒಗರಿನೊಡನೆ ಸೇರಿ ಸುತ್ತಲೂ ಕಪ್ಪು ಕಲೆ ಮಾಡುತ್ತದೆ. ನಮ್ಮ ಅಜ್ಜಂದಿರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದು ಇದೇ ತತ್ತ್ವದ ಮೇಲೆ. ಅನ್ನಭೇದಿಯೆಂದರೆ ಕಬ್ಬಿಣದ ಲವಣವೇ ತಾನೆ? ಕಾಗದದ ಮೇಲೆ ಒಳ್ಳೆಯದಾದ ಆ ಮಸಿ ಹಲಗೆಯೊಳಗೆ ರೋಗ. ಕ್ರಮೇಣ ಮೊಳೆಯ ಸುತ್ತಣ ಮರ ಮೆತ್ತಗಾಗಿ ಹಿಡಿತ ಬಿಡುತ್ತದೆ.

ಎರಡನೆಯದು ಸತುವಿನ ಲೇಪದ ಕಬ್ಬಿಣ. ಇಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಲೇಪ ಒಂದೆಡೆ ಗೀರಿದರೂ ನೆರೆಯ ಸತು ಆ ಗೀರನ್ನು ಕಾಪಾಡುತ್ತದೆ. ಆದರೆ ಲೇಪದಲ್ಲಿ ಎರಡು ಬಗೆ. ವಿದ್ಯುತ್ತಿನಿಂದ ಹಾಕಿದ ಲೇಪ ಬೆಳ್ಳಿಯಂತೆ ಫಳಫಳ ಹೊಳೆಯುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೂ ಇರದು. ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು ಬೂದುಬಣ್ಣದ್ದು, ತರಿತರಿಯಾದದ್ದು, ನೋಡಲು ಚೆಂದವಿಲ್ಲದ್ದು. ಅದರ ದಪ್ಪ ಇದರ ಐದಾರು ಪಟ್ಟಿಗೂ ಮಿಕ್ಕಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಗಡಿಯಲ್ಲಿ ಹೊಳೆಯುವುದನ್ನು ಬಿಟ್ಟು ಮಂಕಾದುದನ್ನು ಆರಿಸುವ ಧೈರ್ಯ ಬೇಕು.

ಮೂರನೆಯದು ಹಿತ್ತಾಳೆ. ದೇವರ ದೀಪಕ್ಕೂ ಮನೆಯ ಕೊಡಪಾನಕ್ಕೂ ಇದಕ್ಕಿಂತ ಒಳ್ಳೆಯದಿಲ್ಲ. ಉಪ್ಪುನೀರಿನೊಳಗೆ ಮಾತ್ರ ಇದನ್ನು ನಂಬಬಾರದು. ಹಿತ್ತಾಳೆ ತಾಮ್ರ ಮತ್ತು ಸತುಗಳ ಮಿಶ್ರಣ. ಉಪ್ಪುನೀರು ಅದರೊಳಗಿನ ಸತುವನ್ನು ಮೆಲ್ಲಗೆ ಹೀರಿಕೊಂಡು, ರೊಟ್ಟಿಯಂತೆ ತೂತುತೂತಾದ ತಾಮ್ರವನ್ನಷ್ಟೇ ಬಿಡುತ್ತದೆ. ಹೊರಗಿನ ಆಕಾರ ಹಾಗೆಯೇ ಇರುತ್ತದೆ, ಒಳಗೆ ಶಕ್ತಿಯಿರುವುದಿಲ್ಲ. ನಮ್ಮ ಕೈಗೆ ತಲೆ ಮಾತ್ರ ಬಂದ ಆ ನಸುಗೆಂಪು ತಿರುಪಿನ ಗುಟ್ಟು ಇದೇ. ಪೇಟೆಯಲ್ಲಿ ಹಿತ್ತಾಳೆಯ ಬಣ್ಣ ಬಳಿದ ಕಬ್ಬಿಣವೂ ಸಿಗುತ್ತದೆ. ಕಿಸೆಯಲ್ಲಿ ಒಂದು ಅಯಸ್ಕಾಂತವಿದ್ದರೆ ಆ ಮೋಸ ಅಂಗಡಿಯಲ್ಲೇ ಬಯಲಾಗುವುದು.

ನಾಲ್ಕನೆಯದು ತಾಮ್ರ. ಇದು ಮೃದು, ಆದುದರಿಂದ ತಿರುಪಾಗಿ ಅಲ್ಲ, ರಿವೆಟ್ಟಾಗಿ ಬಳಸುತ್ತಾರೆ. ಹೊರಗಿನಿಂದ ಚೌಕದ ತಾಮ್ರದ ಮೊಳೆಯನ್ನು ಹಲಗೆ ಮತ್ತು ಪಕ್ಕೆಗಳ ಮೂಲಕ ಹೊಡೆದು, ಒಳಗೆ ಅದರ ತುದಿಗೆ ಬಟ್ಟಲಿನಂಥ ಸಣ್ಣ ಬಿಲ್ಲೆಯನ್ನು ತೊಡಿಸಿ, ಹೆಚ್ಚಿನ ತುದಿಯನ್ನು ಕತ್ತರಿಸಿ, ಉಳಿದುದನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಅಣಬೆಯಂತೆ ಹರಡುವುದು. ಹೊಸ ದೋಣಿಗೆ ಇದಕ್ಕಿಂತ ಉತ್ತಮವಾದುದು ಅಪರೂಪ. ಸಿಲಿಕಾನ್ ಬೆರೆತ ಕಂಚಿನ ತಿರುಪುಗಳೂ ಅಷ್ಟೇ ಶ್ರೇಷ್ಠ. ಅದರಲ್ಲಿ ನೂರಕ್ಕೆ ಸುಮಾರು 96 ಪಾಲು ತಾಮ್ರ, 3 ಪಾಲು ಸಿಲಿಕಾನ್. ಸತು ಬಹುಮಟ್ಟಿಗೆ ಇಲ್ಲದುದರಿಂದ ಹಿತ್ತಾಳೆಯ ರೋಗ ಇದಕ್ಕೆ ತಾಗದು.

ಐದನೆಯದು ಸ್ಟೇನ್‌ಲೆಸ್ ಸ್ಟೀಲ್. ಅಡಿಗೆಮನೆಯಲ್ಲಿ ಅದರ ಗುಣವನ್ನು ಕಂಡ ನಮಗೆ ಅದರ ಮೇಲೆ ಭಕ್ತಿ ಹೆಚ್ಚು. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೈಮೇಲೆ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಆ ಪೊರೆಯೇ ಅದರ ಕವಚ. ಗೀರಿದರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ನೀರಿನ ಮಟ್ಟದ ಕೆಳಗೆ ಒದ್ದೆ ಮರದೊಳಗೆ ಹುದುಗಿದ ಮೊಳೆಗೆ ಆಮ್ಲಜನಕ ಎಲ್ಲಿಂದ ಬರಬೇಕು? ಅಲ್ಲಿ ಉಪ್ಪುನೀರು ಸಂದಿಯಲ್ಲಿ ನಿಂತು ಗುಟ್ಟಾಗಿ ಕೊರೆಯುತ್ತದೆ. ತಲೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ನಡು ಹುಳುಕಾಗಿರುತ್ತದೆ. ಮಾಲಿಬ್ಡಿನಂ ಬೆರೆತ 316ನೇ ದರ್ಜೆಯದು 304ಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಆದರೂ ನೀರಿನ ಕೆಳಗಿನ ಮರಕ್ಕೆ ಅದನ್ನು ಹಾಕದಿರುವುದೇ ಲೇಸು. ನೀರಿನ ಮೇಲಿನ ಭಾಗಗಳಿಗೆ, ಗಾಳಿಯಾಡುವಲ್ಲಿಗೆ, ಅದು ಸೊಗಸಾದ ಲೋಹ. ಇದನ್ನು ಕೇಳಿ ವರ್ಕ್‌ಶಾಪಿನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಉಳಿದುದು ತಾಮ್ರ ಮತ್ತು ಸತುವಿನ ಲೇಪದ ಕಬ್ಬಿಣಗಳ ನಡುವಣ ಸ್ಪರ್ಧೆ. ಗುಣವೊಂದನ್ನೇ ನೋಡಿದರೆ ತಾಮ್ರ ಗೆಲ್ಲಬೇಕು. ಲೆಕ್ಕ ಹಾಕಿದೆವು: ಪಕ್ಕೆಗಳು 17, ಎರಡು ಬದಿಗೂ ಸೇರಿ ಹಲಗೆಗಳು 12, ಹಲಗೆ ಪಕ್ಕೆಯನ್ನು ದಾಟುವಲ್ಲೆಲ್ಲ ಎರಡೆರಡು ಮೊಳೆ, ಒಟ್ಟು 408. ಎರಡು ತುದಿಗಳ ಮೊಳೆಗಳನ್ನು ಸೇರಿಸಿದರೆ ಸುಮಾರು 450. ಅಷ್ಟಕ್ಕೆ ತಾಮ್ರದ ಬೆಲೆ ನಮ್ಮಲ್ಲಿ ಒಟ್ಟಾದ ಹಣವನ್ನು ಮೀರುತ್ತಿತ್ತು. ಹಾಗಿದ್ದರೂ ಊರವರಲ್ಲಿ ಇನ್ನೊಮ್ಮೆ ಕೇಳಿ ಹಣ ಕೂಡಿಸಬಹುದಿತ್ತು. ನಮ್ಮ ತೀರ್ಮಾನವನ್ನು ನಿಶ್ಚಯಿಸಿದುದು ಹಣವಲ್ಲ.

ತುಳು ಮಲಯಾಳ ಎರಡನ್ನೂ ಬೆರೆಸಿ ಮಾತಾಡುವ ವೃದ್ಧ ಆಚಾರಿಯೊಬ್ಬರು ದೋಣಿಯ ಸುತ್ತ ಒಮ್ಮೆ ನಡೆದು, ತಳದ ತೊಲೆಯ ದಪ್ಪ ಬೋಲ್ಟುಗಳ ಮೇಲೆ ಕೈಯಿಟ್ಟು, "ಇವನ್ನು ಏನು ಮಾಡುತ್ತೀರಿ?" ಎಂದು ಕೇಳಿದರು. ಆ ಬೋಲ್ಟುಗಳು ಕಬ್ಬಿಣದವು. ಗಟ್ಟಿಯಾಗಿರುವ ಅವನ್ನು ಕಿತ್ತರೆ ತೊಲೆಯೇ ಸೀಳಬಹುದು. ಅವನ್ನು ಉಳಿಸಿಕೊಂಡು ಸುತ್ತಲೂ ನಾನೂರೈವತ್ತು ತಾಮ್ರದ ರಿವೆಟ್ಟುಗಳನ್ನು ಹಾಕಿದರೆ, ಉಪ್ಪುನೀರು ಹೀರಿದ ಮರದ ಮೂಲಕ ಆ ತಾಮ್ರವೆಲ್ಲ ಒಟ್ಟಾಗಿ ಕೆಲವೇ ಕಬ್ಬಿಣದ ಬೋಲ್ಟುಗಳ ಮೇಲೆ ಬೀಳುವ ಅಪಾಯವಿದೆ. ದೊಡ್ಡ ಮೈಯ ತಾಮ್ರ, ಸಣ್ಣ ಮೈಯ ಕಬ್ಬಿಣ! ಕೆಟ್ಟ ಜೋಡಿಯನ್ನು ತೆಗೆಯಹೊರಟವರು ಅದನ್ನೇ ಹೆಚ್ಚು ಹಣ ಕೊಟ್ಟು ಕಟ್ಟಿದಂತಾಗುತ್ತಿತ್ತು. ಆಚಾರಿಯವರು ಪಂಕ್ತಿಯನ್ನೂ ಕೋಶವನ್ನೂ ಓದಿದವರಲ್ಲ. "ಇದು ಕಬ್ಬಿಣದ ದೋಣಿ, ಕಬ್ಬಿಣದ ದೋಣಿಗೆ ಕಬ್ಬಿಣವೇ" ಎಂದಷ್ಟೇ ಹೇಳಿದರು.

ಅಲ್ಲಿಗೆ ವಾದ ಮುಗಿಯಿತು. ಉತ್ತಮ ಲೋಹ ಯಾವುದು ಎಂಬ ಪ್ರಶ್ನೆಯನ್ನು ಬಿಟ್ಟು, ಈ ದೋಣಿಯಲ್ಲಿ ಈಗಾಗಲೇ ಇರುವುದರೊಡನೆ ಬಾಳುವ ಲೋಹ ಯಾವುದು ಎಂಬ ಪ್ರಶ್ನೆಯನ್ನು ನಾವು ಹಿಡಿದೆವು. ಹೊಸದಾಗಿ ಕಟ್ಟುವವನಿಗೆ ಆಯ್ಕೆಯ ಸ್ವಾತಂತ್ರ್ಯವಿದೆ. ದುರಸ್ತಿ ಮಾಡುವವನು ಮೊದಲು ಕಟ್ಟಿದವನ ಮಾತಿಗೆ ಕಿವಿಗೊಡಬೇಕು. ಲಂಡನ್ನಿನ ಗ್ರೀನಿಚ್‌ನಲ್ಲಿರುವ 'ಕಟ್ಟಿ ಸಾರ್ಕ್' ಎಂಬ ಪ್ರಸಿದ್ಧ ಹಡಗು 1869ರದು. ಕಬ್ಬಿಣದ ಚೌಕಟ್ಟಿಗೆ ಮರದ ಹಲಗೆಗಳನ್ನು ಮುಂಟ್ಸ್ ಲೋಹವೆಂಬ ಹಿತ್ತಾಳೆಯ ಬೋಲ್ಟುಗಳಿಂದ ಬಿಗಿದು ಕಟ್ಟಿದ್ದು. ಕಬ್ಬಿಣ ತುಕ್ಕು ಹಿಡಿದು ದುರ್ಬಲವಾದುದರಿಂದ 2006ರಲ್ಲಿ ಅದರ ದೊಡ್ಡ ದುರಸ್ತಿಯನ್ನು ಆರಂಭಿಸಬೇಕಾಗಿ, ಅದು ಮುಗಿದುದು 2012ರಲ್ಲಿ. ದೊಡ್ಡ ಹಡಗಿಗೂ ನಮ್ಮ ಕಡವಿನ ದೋಣಿಗೂ ಶತ್ರು ಒಂದೇ.

ಹಾಗೆ ನಾವು ಬಿಸಿಸತುವಿನಲ್ಲಿ ಅದ್ದಿದ ಚೌಕದ ಮೊಳೆಗಳನ್ನು ತರಿಸಿದೆವು. ಹಲಗೆ ಒಂದು ಇಂಚು, ಪಕ್ಕೆ ಎರಡು ಇಂಚು. ಒಳಗೆ ಮಡಚಲು ಬೇಕಾದುದನ್ನು ಸೇರಿಸಿ ನಾಲ್ಕು ಇಂಚಿನ ಮೊಳೆ. ಹಿತ್ತಾಳೆ, ತಾಮ್ರ, ತಂತಿಮೊಳೆಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದೆವು. ಹಳೆಯ ತೂತುಗಳಿಗೆ ಗಟ್ಟಿ ಮರದ ಬೆಣೆ ಬಡಿದು, ಹೊಸ ಮೊಳೆಗೆ ಬೇರೆ ಜಾಗ ಗುರುತಿಸಿದೆವು. ಒಂದೇ ಎಳೆಯ ಮೇಲೆ ಎರಡು ಮೊಳೆ ಬಿದ್ದರೆ ಹಲಗೆ ಸೀಳುವುದರಿಂದ ಓರೆಯಾಗಿ ಜೋಡಿಸಬೇಕು. ಮೊಳೆಗಿಂತ ತುಸು ಕಿರಿದಾದ ತೂತನ್ನು ಮೊದಲೇ ಕೊರೆಯಬೇಕು. ಇಲ್ಲವಾದರೆ ಮರವೂ ಸೀಳುತ್ತದೆ, ಸತುವೂ ಕೆರೆದುಹೋಗುತ್ತದೆ. ಮೊಳೆಯ ತಲೆಯ ಕೆಳಗೆ ಎಣ್ಣೆ ಮತ್ತು ರಾಳದಲ್ಲಿ ಅದ್ದಿದ ಹತ್ತಿಯ ನೂಲನ್ನು ಸುತ್ತಿ ಹೊಡೆದರೆ ನೀರು ಮೊಳೆಯ ಗುಂಟ ಒಳಗೆ ಬಾರದು. ತಲೆ ಹಲಗೆಯೊಳಗೆ ತುಸು ಇಳಿಯಬೇಕು. ಅದರ ಮೇಲೆ ಮೇಣ ತುಂಬಬೇಕು. ಕೊನೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಇವೆಲ್ಲ ಆಚಾರಿಯವರು ಹೇಳಿ ಮಾಡಿಸಿದ ಕ್ರಮ.

ಮೊಳೆ ಹೊಡೆಯುವ ಕೆಲಸ ಒಬ್ಬನಿಂದಾಗದು. ಹೊರಗಿನಿಂದ ಒಬ್ಬ ಹೊಡೆಯಬೇಕು. ಒಳಗೆ ಇನ್ನೊಬ್ಬ ತುದಿಯನ್ನು ಎಳೆಗೆ ಅಡ್ಡವಾಗಿ ಮಡಚಿ ಪಕ್ಕೆಯೊಳಗೆ ಇಳಿಸಬೇಕು. ಆಗ ಹೊರಗಿನವನು ತಲೆಗೆ ಭಾರದ ಕಬ್ಬಿಣವನ್ನು ಒತ್ತಿ ಹಿಡಿದಿರಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಸುತ್ತಿಗೆಯ ಸದ್ದೇ ಭಾಷೆ. ಗಟ್ಟಿಯಾಗಿ ಕೂತಾಗ ಸದ್ದು ಬದಲಾಗುತ್ತದೆ. ಆ ಸದ್ದನ್ನು ಗುರುತಿಸಲು ನಮಗೆ ಎರಡು ದಿನ ಬೇಕಾಯಿತು, ಕುದ್ರುವಿನ ಹುಡುಗರಿಗೆ ಅರ್ಧ ದಿನ ಸಾಕಾಯಿತು.

ತಳಕ್ಕೆ ಸತುವಿನ ಗಟ್ಟಿಯೊಂದನ್ನು ಜೋಡಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಂಜಿನ್ನಿನ ದೋಣಿಗಳ ಲೋಹದ ಭಾಗಗಳಿಗೆ ಅದನ್ನು ಹಾಕುತ್ತಾರೆ. ಆದರೆ ಮರದ ದೋಣಿಯಲ್ಲಿ ಸತು ಅತಿಯಾದರೆ ಕಾಪಾಡಲ್ಪಟ್ಟ ಲೋಹದ ಸುತ್ತ ಕ್ಷಾರ ಹುಟ್ಟಿ ಮರವನ್ನೇ ಮೆತ್ತಗೆ ಮಾಡುತ್ತದೆ. ಮೊಳೆ ಉಳಿದು ಮರ ಹೋದರೆ ಪ್ರಯೋಜನವೇನು? ಜಲ್ಲೆಯಿಂದ ನಡೆಯುವ ನಮ್ಮ ದೋಣಿಗೆ ಅದರ ಅಗತ್ಯವಿಲ್ಲವೆಂದು ಬಿಟ್ಟೆವು.

ಮಳೆ ಹಿಡಿಯುವ ಮೊದಲೇ ದೋಣಿ ನೀರಿಗಿಳಿಯಿತು. ಒಣಗಿದ ಮರ ನೀರು ಕುಡಿದು ಉಬ್ಬುವವರೆಗೆ ಎರಡು ದಿನ ಸೋರಿತು. ಮೂರನೆಯ ದಿನ ನಿಂತಿತು. ಆಟಿ ತಿಂಗಳ ಕೆಂಪು ನೀರಿನಲ್ಲಿಯೂ ಅಂಬಿಗನ ಡಬ್ಬಿಗೆ ಕೆಲಸ ಬೀಳಲಿಲ್ಲ. ಜೀವರಕ್ಷಕ ಅಂಗಿಗಳನ್ನು ಹಳೆ ವಿದ್ಯಾರ್ಥಿಗಳು ಒದಗಿಸಿದರು. ಮೊಳೆ ಎಷ್ಟೇ ಗಟ್ಟಿಯಿದ್ದರೂ ಅವನ್ನು ತೊಡದೆ ಮಕ್ಕಳು ದೋಣಿ ಹತ್ತಬಾರದೆಂದು ನಿಯಮ ಮಾಡಿದೆವು. ಶಾಲೆ ಬಿಡಿಸುವ ಮಾತಾಡಿದ್ದ ಇಬ್ಬರು ತಾಯಂದಿರಲ್ಲಿ ಒಬ್ಬರು ಮನಸ್ಸು ಬದಲಿಸಿದರು. ಇನ್ನೊಬ್ಬರ ಮಗ ಹೋದ. ಹೀಗೆ ಈಗ ಎಂಟು ಮಕ್ಕಳು.

ಹಿಂದಿನ ದುರಸ್ತಿಯವರಿಗೆ ದೋಣಿಯಲ್ಲಿ ಏನಿದೆ ಎಂದು ಹೇಳುವವರು ಯಾರೂ ಇರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಆದುದರಿಂದ ಹಿಂಬದಿಯ ಕೂರುಹಲಗೆಯ ಅಡಿಯಲ್ಲಿ ನಾವು ಬಣ್ಣದಿಂದ ಬರೆದಿದ್ದೇವೆ: ಈ ದೋಣಿಯ ಮೊಳೆ, ಬೋಲ್ಟುಗಳೆಲ್ಲ ಕಬ್ಬಿಣ, ಬಿಸಿಸತುವಿನ ಲೇಪದ ಮೊಳೆಯ ಹೊರತು ನೀರಿನ ಕೆಳಗೆ ಬೇರಾವ ಲೋಹವನ್ನೂ ಹಾಕಬೇಡಿ. ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ. ಮುಂದೆ ಯಾವ ಭಾಷೆಯವರ ಕೈಗೆ ಈ ದೋಣಿ ಬರುವುದೋ ಯಾರು ಬಲ್ಲರು?

ವಿಜ್ಞಾನ ಸಂಘದ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ಪ್ರತಿವರ್ಷ ಏಪ್ರಿಲಿನಲ್ಲಿ, ದೋಣಿಯನ್ನು ದಡಕ್ಕೆಳೆದಾಗ, ತಳದಿಂದ ಎರಡು ಮೊಳೆಗಳನ್ನು ಕಿತ್ತು ನೋಡಿರಿ. ಬೂದುಬಣ್ಣವಿದ್ದರೆ ಸತು ಇದೆ. ಕೆಂಪು ತೋರಿದರೆ ಸತು ಮುಗಿದಿದೆ. ಕಿತ್ತ ಜಾಗಕ್ಕೆ ಬೆಣೆ ಬಡಿದು, ಪಕ್ಕದಲ್ಲಿ ಹೊಸ ಮೊಳೆ ಹಾಕಿ, ಕಂಡದ್ದನ್ನು ದಿನಾಂಕದೊಡನೆ ಪುಸ್ತಕದಲ್ಲಿ ಬರೆಯಿರಿ. ಪುಸ್ತಕ ಪ್ರಯೋಗಶಾಲೆಯ ಕಪಾಟಿನಲ್ಲಿ, ಭರಣಿಗಳ ಪಕ್ಕದಲ್ಲಿದೆ. ಉಳಿದ ಮೊಳೆಗಳು ಸುಮಾರು ಎರಡು ಕಿಲೋ, ಎಣ್ಣೆ ಸವರಿದ ಡಬ್ಬಿಯಲ್ಲಿ ಅಲ್ಲಿಯೇ ಇವೆ.